ಒಪ್ಪಲ್ಲ, ಆದರೂ ಕೇಳ್ತೀನಿ

ಇವತ್ತು ರಾಜಕೀಯ ಪಕ್ಕಕ್ಕಿಡೋಣ. ಆದರೆ ಮಾತಾಡ್ತಿರೋದು ಜಗಳದ ಬಗ್ಗೆನೇ. ಹಾಡಿನ ಜಗಳ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಇದು ಹೊಸದಲ್ಲ. ತತ್ವಪದ ಒಂದೇ. ಒಂದು ಊರಿನ ಭಜನಾ ಮೇಳ ಏಕತಾರಿ, ದಮ್ಮಡಿ ಹಿಡಿದು ನಿಧಾನಕ್ಕೆ ಹಾಡುತ್ತೆ. ಪಕ್ಕದ ಊರಿನವರು ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಜೋರು ನಡೆಸ್ತಾರೆ. ಕಟ್ಟೆ ಮೇಲೆ ಕೂತ ಹಿರಿಯರು, "ಇದೇನ್ ಹಾಡೂ ರೀತಿ ಏನಪಾ, ಪದಾನ ಕೆಡಿಸಿಬಿಟ್ರು" ಅಂತಾರೆ. ಹುಡುಗರು, "ಇರ್ಲಿ ಬಿಡ್ರೀ ಅಜ್ಜಾರ, ಚಲೋ ಐತಿ" ಅಂತಾರೆ.

ಇದೇ ಜಗಳವನ್ನು ಜೀವನಪೂರ್ತಿ ಎದುರಿಸಿದವರು ನಮ್ಮ ಕುಮಾರ ಗಂಧರ್ವ. 1924ರಲ್ಲಿ ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರಯ್ಯ ಕೊಮಕಳಿಮಠ. ಬಾಲಕನಾಗಿದ್ದಾಗಲೇ ದೊಡ್ಡ ದೊಡ್ಡ ಉಸ್ತಾದರ ಹಾಡನ್ನು ಅವರಂತೆಯೇ ಹಾಡಿ ತೋರಿಸಿ ಬೆರಗು ಹುಟ್ಟಿಸಿದವರು. ಮುಂಬೈನಲ್ಲಿ ಬಿ.ಆರ್. ದೇವಧರ್ ಅವರ ಬಳಿ ಶಿಸ್ತಿನಿಂದ ಕಲಿತರು. ಆಮೇಲೆ ಕ್ಷಯರೋಗ ಬಂತು. ಮಧ್ಯಪ್ರದೇಶದ ದೇವಾಸ್‌ನಲ್ಲಿ ವರ್ಷಗಟ್ಟಲೆ ಹಾಸಿಗೆ. ಹಾಡಬಾರದು ಅಂದರು ಡಾಕ್ಟರು. ಹಾಡೋದು ನಿಂತಿತು, ಕೇಳೋದು ನಿಲ್ಲಲಿಲ್ಲ. ಮಾಳವದ ಹಳ್ಳಿ ಹಾಡುಗಳು ಕಿವಿಗೆ ಬಿದ್ದವು.

1953ರಲ್ಲಿ ಮತ್ತೆ ವೇದಿಕೆಗೆ ಬಂದಾಗ ಅವರ ಹಾಡೇ ಬೇರೆಯಾಗಿತ್ತು. ಚಿಕ್ಕ ಚಿಕ್ಕ ತುಣುಕುಗಳು, ದಿಢೀರನೆ ಏರೋ ಧ್ವನಿ, ನಡುವೆ ಮೌನ. ಜಾನಪದದ ಧಾಟಿಯಿಂದ ಹೊಸ ರಾಗಗಳನ್ನೇ ಕಟ್ಟಿದರು. ಘರಾಣೆಗೆ ಕಟ್ಟುಬೀಳಲ್ಲ ಅಂದರು. ಸಂಪ್ರದಾಯಸ್ಥರು ಸಿಟ್ಟಾದರು. ವಿಲಂಬಿತದಲ್ಲಿ ರಾಗ ಬೆಳೆಸೋದಿಲ್ಲ, ಒಂದು ಶ್ವಾಸಕೋಶ ಹೋಗಿದೆ, ದಮ್ಮಿಲ್ಲ, ಅದಕ್ಕೇ ತುಂಡು ತುಂಡು ಹಾಡೋದು ಅಂದರು. ಮೆಚ್ಚಿದವರು, ರಾಗದ ಒಳಗನ್ನು ಈಗ ಕಂಡೆವು ಅಂದರು. ಎರಡೂ ಕಡೆ ತಿಳಿದವರೇ ಇದ್ದರು. 1990ರಲ್ಲಿ ಪದ್ಮವಿಭೂಷಣ ಬಂತು. ಆದರೂ ಚರ್ಚೆ ಮುಗಿಯಲಿಲ್ಲ.

ನಮ್ಮಲ್ಲಾದರೂ ಗಾಯಕನಿಗೆ ಮನೋಧರ್ಮದ ಸ್ವಾತಂತ್ರ್ಯ ಇದೆ. ಪಾಶ್ಚಾತ್ಯರ ಸೊನಾಟಾದಲ್ಲಿ ಪ್ರತಿ ಸ್ವರವನ್ನೂ ಬರೆದೇ ಇಟ್ಟಿರ್ತಾರೆ. ಅಲ್ಲೂ ಈ ಜಗಳ ತಪ್ಪಲಿಲ್ಲ. ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್, ಬೀಥೋವನ್‌ನ 'ಅಪಾಸಿಯೊನಾಟಾ' ಸೊನಾಟಾದ ರಭಸದ ಮೊದಲ ಭಾಗವನ್ನು ಎತ್ತಿನ ಗಾಡಿಯಷ್ಟು ನಿಧಾನಕ್ಕೆ ನುಡಿಸಿದ. ಇದು ಬೀಥೋವನ್‌ಗೆ ಮಾಡಿದ ಅವಮಾನ ಅಂದವರಿದ್ದಾರೆ. ಹೊಸ ಕಿವಿ ಕೊಟ್ಟ ಅಂದವರೂ ಇದ್ದಾರೆ.

1962ರ ಏಪ್ರಿಲ್, ನ್ಯೂಯಾರ್ಕ್. ಬ್ರಾಮ್ಸ್‌ನ ಕೃತಿಯೊಂದನ್ನು ಗೂಲ್ಡ್ ನುಡಿಸಬೇಕು, ವಾದ್ಯವೃಂದ ನಡೆಸೋರು ಲಿಯೊನಾರ್ಡ್ ಬರ್ನ್‌ಸ್ಟೈನ್. ಶುರುವಾಗೋ ಮುಂಚೆ ಬರ್ನ್‌ಸ್ಟೈನ್ ಸಭಿಕರ ಕಡೆ ತಿರುಗಿದರು. ಈ ಕಲಾವಿದನ ರೀತಿಯನ್ನು ನಾನು ಒಪ್ಪೋದಿಲ್ಲ ಅಂತ ಎಲ್ಲರೆದುರೇ ಹೇಳಿದರು. ಆದರೆ ಈತ ಗಂಭೀರವಾಗಿ ಯೋಚಿಸೋ ಕಲಾವಿದ, ನೀವೂ ಕೇಳಬೇಕು ಅಂದರು. ಹಾಗಂದು ತಿರುಗಿ ನಿಂತು, ಗೂಲ್ಡ್ ಬಯಸಿದ ನಿಧಾನ ಗತಿಯಲ್ಲೇ ಕೃತಿಯನ್ನು ಕೊನೇತನಕ ನಡೆಸಿಕೊಟ್ಟರು.

ಇದನ್ನು ನೋಡಿ ನಾವು ಕಲಿಯೋದಿದೆ. ನಮ್ಮ ಚಾನೆಲ್ ಚರ್ಚೆಗಳಲ್ಲಿ ಒಪ್ಪದವನ ಮೈಕ್ ಬಂದ್ ಆಗುತ್ತೆ. ಒಪ್ಪೋದಿಲ್ಲ ಅಂದಮೇಲೆ ಕೇಳೋದೇ ಬೇಡ ಅನ್ನೋದು ಈಗಿನ ರೂಢಿ.

ಹಾಗಂತ ಹೊಸದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಕುಮಾರ ಗಂಧರ್ವರು ಹಳೆಯದನ್ನು ಪೂರ್ತಿ ಅರಗಿಸಿಕೊಂಡು ಆಮೇಲೆ ಅದನ್ನು ಮುರಿದವರು. ಕಲಿಯದೆ ಮುರಿಯೋದು ಬರೀ ಸದ್ದು. ಆದರೆ ಕಲಿತು ಮುರಿದಿದ್ದಾನೋ, ಕಲಿಯದೆ ಮುರಿದಿದ್ದಾನೋ ಅಂತ ಗೊತ್ತಾಗಬೇಕಾದರೆ ಮೊದಲು ಕೇಳಬೇಕಲ್ಲ?

ನಾಳೆ ಬಾಗೇವಾಡಿಯ ಹುಡುಗಿಯೊಬ್ಬಳು ಬಸವಣ್ಣನವರ ವಚನವನ್ನು ಗಿಟಾರ್ ಹಿಡಿದು ಹಾಡ್ತೀನಿ ಅಂತ ಬಂದರೆ, ಅಜ್ಜಾರೇ, ಪೂರ್ತಿ ಕೇಳಿ. ಆಮೇಲೆ ಬೇಕಾದರೆ ಧಾರಾಳವಾಗಿ ಬೈಯಿರಿ.