ಹಿತ್ತಲಿನಲ್ಲಿ ಒಂದೆಲಗ



ಕರಾವಳಿಯಲ್ಲಿ ತಿಮರೆ, ಮಲೆನಾಡಿನಲ್ಲಿ ಉರಗೆ ಎನಿಸಿಕೊಳ್ಳುವ ಒಂದೆಲಗವನ್ನು ಬಹುಮಂದಿ ಗದ್ದೆಯ ಬದುವಿನಿಂದ, ಚರಂಡಿಯ ಅಂಚಿನಿಂದ ಕಿತ್ತು ತರುತ್ತಾರೆ. ತಂಬುಳಿ, ಚಟ್ನಿ, ಕೋಸಂಬರಿಗೆ ಇದನ್ನು ಹಸಿಯಾಗಿಯೇ ಬಳಸುವುದು ರೂಢಿ. ಗದ್ದೆಗೆ ಹೊಡೆದ ಕೀಟನಾಶಕವಾಗಲಿ, ಚರಂಡಿಯ ಕೊಳಕು ನೀರಾಗಲಿ ಎಲೆಗೆ ತಗಲಿದ್ದರೆ ಬೇಯಿಸದೆ ತಿನ್ನುವವರಿಗೆ ಅಪಾಯ. ಆದುದರಿಂದ ಹಿತ್ತಲಿನಲ್ಲೇ ಬೆಳೆಸುವುದು ಲೇಸು.

ಇದು ಬಹುವಾರ್ಷಿಕ ಸಸ್ಯ. ನೆಲದ ಮೇಲೆ ಹಬ್ಬುವ ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಬೀಜದ ಗೊಡವೆ ಬೇಡ. ಬಾವಿಕಟ್ಟೆಯ ಪಕ್ಕ ಅಥವಾ ತೆಂಗಿನ ಅರೆನೆರಳಿನಲ್ಲಿ 1 ಮೀಟರ್ ಚದರದ ಮಡಿ ಮಾಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಹಸಿ ಸಗಣಿ ಹಾಕಬಾರದು. ಮುಂಗಾರಿನ ಆರಂಭದಲ್ಲಿ, ಬೇರಿರುವ ಗೆಣ್ಣಿನ ತುಂಡುಗಳನ್ನು 20 ರಿಂದ 30 ಸೆಂ.ಮೀ. ಅಂತರದಲ್ಲಿ ನೆಡಬೇಕು.

ಕಳೆ ತೆಗೆಯುತ್ತಿರಬೇಕು. ಬೇಸಿಗೆಯಲ್ಲಿ ತೇವ ಆರದಂತೆ ಶುದ್ಧ ನೀರು ಕೊಡಬೇಕು. ಸೋಪು ಬೆರೆತ ಬಚ್ಚಲ ನೀರು ಸಲ್ಲದು.

ಸುಮಾರು 3 ತಿಂಗಳಿಗೆ ಮಡಿ ತುಂಬುತ್ತದೆ. ಬುಡಸಹಿತ ಕೀಳದೆ, ಬಲಿತ ಎಲೆಗಳನ್ನಷ್ಟೇ ತೊಟ್ಟಿನೊಡನೆ ಚಿವುಟಿ, ಚೆನ್ನಾಗಿ ತೊಳೆದು ಬಳಸಬೇಕು. ಬಳ್ಳಿ ಉಳಿದರೆ ಸೊಪ್ಪು ಮತ್ತೆ ಮತ್ತೆ ಚಿಗುರುತ್ತದೆ. ಹೆಚ್ಚಾದ ಬಳ್ಳಿಯನ್ನು ನೆರೆಮನೆಗೂ ಕೊಡಬಹುದು.