ಹೊರಗೆ ಹೊಡೆದ ಗೋಲು

(ನಮ್ಮ ಬಳಗದ ವಾರ್ಷಿಕ ಸಭೆಯಲ್ಲಿ ಆಡಿದ ಮಾತು)

ನಾನು ಭಾಷಣಗಾರ ಅಲ್ಲ, ಎ.ಸಿ. ರಿಪೇರಿ ಮಾಡೋನು. ಏನಾದ್ರೂ ಮಾತಾಡಿ ಅಂದ್ರು. ಒಂದು ಫುಟ್‌ಬಾಲ್ ಸೀಸನ್ ಬಗ್ಗೆ ಹೇಳ್ತೀನಿ.

2019ರ ಚಾಂಪಿಯನ್ಸ್ ಲೀಗ್. ದಾವಣಗೆರೆ ಕಡೆಯವನಾದ ನನಗೆ ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿರಲಿಲ್ಲ. ಕ್ಯಾಂಪ್‌ನಲ್ಲಿ ಪಕ್ಕದ ಮಂಚದ ಮಲಪ್ಪುರಂ ಹುಡುಗ ಕಲಿಸಿದ. ನಾಕೌಟ್‌ನಲ್ಲಿ ಪ್ರತಿ ಜೋಡಿ ಎರಡು ಸಲ ಆಡಬೇಕು, ಒಂದು ನಮ್ಮೂರಲ್ಲಿ, ಒಂದು ಅವರೂರಲ್ಲಿ. ಎರಡರ ಗೋಲು ಕೂಡಿಸಬೇಕು. ಸಮ ಆದ್ರೆ, ಪರ ಊರಲ್ಲಿ ಹೆಚ್ಚು ಗೋಲು ಹೊಡೆದವರೇ ಗೆದ್ದಂಗೆ. ಫೈನಲ್ ಮಾತ್ರ ಒಂದೇ ಆಟ.

"ಅಂದ್ರೆ ಹೊರಗೆ ದುಡಿದಿದ್ದಕ್ಕೆ ಬೆಲೆ ಜಾಸ್ತಿ" ಅಂದೆ. ರೂಮಿನವರೆಲ್ಲ ನಕ್ಕರು.

ಆ ವರ್ಷ ಮೇ 7, ಅಕ್ಷಯ ತೃತೀಯ. ಊರಲ್ಲಿ ತಂಗಿ ಮದುವೆ. ರಜೆ ಕೇಳಿದ್ದೆ, ಬರೀ ಬಾಯಲ್ಲಿ. ಬೇಸಿಗೆ ಶುರುವಾಯ್ತು, ಕೆಲಸ ಜಾಸ್ತಿ, ಆಮೇಲೆ ನೋಡೋಣ ಅಂದ್ರು. ಚಿನ್ನಕ್ಕೆ, ಛತ್ರಕ್ಕೆ, ಅಡುಗೆಯವರಿಗೆ ಎಲ್ಲಾ ಇಲ್ಲಿಂದಲೇ ಕಳಿಸಿದೆ. ಧಾರೆ ಹೊತ್ತಿಗೆ ನಾನು ಯಾವುದೋ ಬಿಲ್ಡಿಂಗ್ ಟೆರೇಸ್ ಮೇಲಿದ್ದೆ. ಬೋಟಿಮ್‌ನಲ್ಲಿ ಮಾವನ ಮಗ ಫೋನ್ ಹಿಡಿದಿದ್ದ. ಓಲಗದ ಸದ್ದು ಕೇಳ್ತು, ತಂಗಿ ಮುಖ ಒಂದು ಸಲ ಕಾಣ್ತು, ಕಟ್ ಆಯ್ತು.

ಆ ರಾತ್ರಿ 11 ಗಂಟೆಗೆ ಹುಡುಗ ಟಿ.ವಿ. ಮುಂದೆ ಎಳ್ಕೊಂಡು ಹೋದ. ಲಿವರ್‌ಪೂಲ್ ಬಾರ್ಸಿಲೋನಾದಲ್ಲಿ 0-3 ಸೋತು ಬಂದಿತ್ತು. ಸಲಾಹ್ ಇಲ್ಲ, ಫಿರ್ಮಿನೊ ಇಲ್ಲ. ಆದ್ರೂ ಒರಿಗಿ ಎರಡು, ಅರ್ಧ ಆಟ ಆದ್ಮೇಲೆ ಇಳಿದ ವೈನಾಲ್ಡಮ್ ಎರಡು, 4-0! ನಾಲ್ಕನೇದಕ್ಕೆ ಅಲೆಕ್ಸಾಂಡರ್-ಅರ್ನಾಲ್ಡ್ ಕಾರ್ನರ್ ಬಿಟ್ಟು ಹೋಗೋನ ಹಾಗೆ ಮಾಡಿ, ತಟ್ಟನೆ ತಿರುಗಿ ಒದ್ದ. ಬಾರ್ಸಿಲೋನಾದವರು ನೋಡ್ತಾನೇ ಇರಲಿಲ್ಲ.

ಮಾರನೇ ರಾತ್ರಿ ಟಾಟನ್‌ಹ್ಯಾಮ್. ತಮ್ಮೂರಲ್ಲಿ 0-1 ಸೋತವರು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅರ್ಧ ಆಟಕ್ಕೆ 0-2. ಲೂಕಾಸ್ ಮೌರಾ ಒಬ್ಬನೇ ಮೂರು ಹೊಡೆದ, ಕೊನೇದು 96ನೇ ನಿಮಿಷದಲ್ಲಿ. ಅಜಾಕ್ಸ್ ಜೊತೆ ಒಟ್ಟು 3-3. ಆ ಮೂರೂ ಹೊರಗೆ ಹೊಡೆದ ಗೋಲು, ಅದಕ್ಕೇ ಫೈನಲ್‌ಗೆ ಹೋದರು. ಜೂನ್ 1ಕ್ಕೆ ಮ್ಯಾಡ್ರಿಡ್‌ನಲ್ಲಿ ಲಿವರ್‌ಪೂಲ್ 2-0 ಗೆದ್ದಿತು, ಆಟ ಮಾತ್ರ ಸಪ್ಪೆ.

ಮದುವೆ ಆಗಿ ಎರಡು ದಿನಕ್ಕೆ ಅಪ್ಪ ಫೋನ್ ಮಾಡಿದ್ರು. "ನೀನು ಕಳಿಸಿದ್ದಕ್ಕೆ ಎಲ್ಲಾ ಚೆನ್ನಾಗಾಯ್ತಪ್ಪ" ಅಂದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊರಡುವಾಗ ನಿನ್ನ ತಂಗಿ ಹಿಂದೆ ತಿರುಗಿ, ಅಣ್ಣ ಇರಬೇಕಿತ್ತು ಅಂದ್ಲು" ಅಂದ್ರು.

2021ರಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಆ ನಿಯಮ ತೆಗೆದುಹಾಕಿತು. ಈಗ ಎಲ್ಲಿ ಹೊಡೆದ್ರೂ ಗೋಲು ಒಂದೇ. ಸುದ್ದಿ ಓದಿದಾಗ ಅಪ್ಪನ ಮಾತು ನೆನಪಾಯ್ತು. ಇಲ್ಲಿಂದ ಕಳಿಸಿದ್ದು ಅಲ್ಲಿ ಎರಡು ಪಟ್ಟು ಆಗುತ್ತೆ ಅಂತ ನಾವು ಲೆಕ್ಕ ಹಾಕ್ತೀವಿ. ಮನೆಯವರ ಲೆಕ್ಕದಲ್ಲಿ ನಾವು ಬಂದ ದಿನವೂ ಸೇರುತ್ತೆ.

ಯುಎಇ ಕಾನೂನಿನಲ್ಲಿ ಒಂದು ವರ್ಷ ಸರ್ವಿಸ್ ಆದವರಿಗೆ ವರ್ಷಕ್ಕೆ 30 ದಿನ ಸಂಬಳದ ರಜೆ ಇದೆ. ನನ್ನ ಹಾಗೆ ಬಾಯಲ್ಲಿ ಕೇಳಬೇಡಿ. ಬರೆದು ಕೊಡಿ, ಮುಂಚೆಯೇ ಕೊಡಿ, ಒಂದು ಕಾಪಿ ಇಟ್ಕೊಳ್ಳಿ. ಬರೆಯೋಕೆ ಬರದವರು ಊಟ ಆದ್ಮೇಲೆ ನನ್ನ ಹತ್ರ ಬನ್ನಿ, ಕೂತು ಬರೆಯೋಣ.

ಹೋದ ವರ್ಷ ನಾನು ಎರಡು ತಿಂಗಳು ಮೊದಲೇ ಅರ್ಜಿ ಕೊಟ್ಟೆ. ತಂಗಿ ಮಗಳಿಗೆ ಕಿವಿ ಚುಚ್ಚಿಸಿದ್ದು ಸೋದರಮಾವನ ತೊಡೆ ಮೇಲೇ.