ಮೊಲದ ಮರಿಯ ಬಣ್ಣವೂ ನಮ್ಮ ಸಾಬೂನೂ

(ಆಂಟಾಪ್ ಹಿಲ್‌ನಲ್ಲಿ ಭಾನುವಾರ ಸಂಜೆ ನಡೆದ ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಇಲ್ಲಿ ಎದ್ದು ನಿಂತಾಗಲೆಲ್ಲ ನಾನು ಪಗಾರ, ರಜೆ, ಬೋನಸ್ಸು, ಪ್ರಾವಿಡೆಂಟ್ ಫಂಡು ಎಂದು ಮಾತನಾಡುವವನು. ಇಂದು ಮೊಲದ ವಿಷಯ ಹೇಳುತ್ತೇನೆಂದಾಗ ನಮ್ಮ ಕಾರ್ಯದರ್ಶಿಗಳು ನಕ್ಕರು. ನಗಲಿ. ಆದರೆ ಈ ಒಂದು ವರ್ಷದಲ್ಲಿ ನಮ್ಮ ಸುತ್ತಮುತ್ತ ಮೊಲ ಸಾಕಿದ ಮೂರು ಮನೆಗಳನ್ನು ನಾನು ಕಂಡಿದ್ದೇನೆ. ಒಂದು ಮನೆಯವರು ಮರಿಯ ಬಣ್ಣ ಕೆಟ್ಟಿತು, ರೋಗ ಹತ್ತಿತು ಎಂದು ಹೆದರಿ ಅದನ್ನು ರಾತ್ರಿ ತೋಟವೊಂದರಲ್ಲಿ ಬಿಟ್ಟು ಬಂದರು. ಬೆಳಗಾಗುವಷ್ಟರಲ್ಲಿ ನಾಯಿಗಳು ಅದನ್ನು ಮುಗಿಸಿದ್ದವು. ಇನ್ನೊಂದು ಮನೆಯವರು, ಅಂಗಡಿಯವನು ಬಣ್ಣ ಹಚ್ಚಿ ಮೋಸ ಮಾಡಿದನೆಂದು ಜಗಳಕ್ಕೆ ಹೋದರು. ಮೂರನೆಯದು ನನ್ನ ಮನೆ. ಅಲ್ಲಿ ನಡೆದುದು ಎಲ್ಲಕ್ಕಿಂತ ನಾಚಿಕೆಯ ಸಂಗತಿ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಏಳನೆಯ ತರಗತಿ ಮುಗಿಸಿ ಊರು ಬಿಟ್ಟವನು. ಮುಂಬಯಿಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಹೋಟೇಲಿನಲ್ಲಿ ಮುಸುರೆ ತಿಕ್ಕುವುದು. ಕಪ್ಪಾದುದು ಕಂಡರೆ ತಿಕ್ಕಬೇಕು, ಬಿಳಿಯಾಗುವ ತನಕ ಬಿಡಬಾರದು. ಇದು ನನ್ನ ಕೈಗೆ ಹತ್ತಿದ ವಿದ್ಯೆ. ಕಳೆದ ದೀಪಾವಳಿಯ ಹೊತ್ತಿಗೆ ಮಗಳ ಹಟಕ್ಕೆ ಎರಡು ಮೊಲದ ಮರಿ ತಂದೆವು. ಎರಡಕ್ಕೂ ಒಂದೂವರೆ ತಿಂಗಳು. ಒಂದು ಕಾಡಿಗೆಯಂತೆ ಕಪ್ಪು. ಇನ್ನೊಂದು ಬಿಳಿ, ಕಣ್ಣು ಕೆಂಪು, ಮೂಗಿನ ತುದಿಯಲ್ಲಿ ಮಾತ್ರ ಒಂದಿಷ್ಟು ಬೂದಿ ಬಣ್ಣ. ಜನವರಿಯ ಚಳಿ ಬರುವಾಗ ಆ ಬಿಳಿ ಮರಿಯ ಮೂತಿ, ಕಿವಿ, ಕಾಲಿನ ತುದಿ, ಬಾಲ ಎಲ್ಲವೂ ದಿನದಿನಕ್ಕೆ ಕಪ್ಪಾಗುತ್ತ ಬಂದವು. ಒಲೆಯ ಹಿಂದೆ ನುಗ್ಗಿ ಮಸಿ ಮೆತ್ತಿಕೊಂಡಿದೆ ಎಂದು ನಾನು ತೀರ್ಮಾನಿಸಿದೆ. "ಬೇಡ, ಚಳಿಯುಂಟು" ಎಂದು ಹೆಂಡತಿ ಹೇಳಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ನಮ್ಮಲ್ಲಿದೆಯಷ್ಟೆ. ನಾನು ಹಿಡಿದ ಮೊಲಕ್ಕೆ ಮೂತಿ ಬಿಳಿಯೇ ಆಗಿರಬೇಕಿತ್ತು. ಬೆಳಿಗ್ಗೆ ನೀರು ಬಂದಾಗ ಮೋರಿಯಲ್ಲಿ ಕೂರಿಸಿ ಸಾಬೂನು ಹಾಕಿ ತಿಕ್ಕಿದೆ. ಮರಿ ಒದ್ದಾಡಿತು, ಆಮೇಲೆ ಸುಮ್ಮನಾಯಿತು. ಒಳ್ಳೆಯ ಮರಿ, ಹೊಂದಿಕೊಂಡಿತು ಎಂದುಕೊಂಡೆ. ಸಂಜೆ ನಾನು ಕೆಲಸದಿಂದ ಬರುವಾಗ ಅದು ತಣ್ಣಗಾಗಿತ್ತು. ಮೂತಿಯ ಕಪ್ಪು ಮಾತ್ರ ಹಾಗೆಯೇ ಇತ್ತು.

ಉಳಿದ ಕರಿ ಮರಿಯನ್ನೆತ್ತಿಕೊಂಡು ಮರುದಿನ ಪ್ರಾಣಿವೈದ್ಯರೊಬ್ಬರ ಬಳಿಗೆ ಹೋದೆ. ಅವರು ಹೇಳಿದುದನ್ನೂ, ಆಮೇಲೆ ನಾನು ಓದಿ, ಕಂಡು ತಿಳಿದುಕೊಂಡುದನ್ನೂ ಈಗ ನಿಮ್ಮ ಮುಂದಿಡುತ್ತೇನೆ.

ಮೊಲದ ಮರಿ ಹುಟ್ಟುವಾಗ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ಮುಚ್ಚಿರುತ್ತದೆ. ಹತ್ತು ಹನ್ನೆರಡು ದಿನಗಳಲ್ಲಿ ಕಣ್ಣು ತೆರೆಯುತ್ತದೆ, ಮೈಗೆ ಮೆತ್ತನೆಯ ತುಪ್ಪಳು ಬರುತ್ತದೆ. ನಮ್ಮ ಊರ ಗುಡ್ಡದ ಕಾಡುಮೊಲ ಬೇರೆ ಜಾತಿ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದೇ ಇರುತ್ತದೆ. ಅದನ್ನು ಹಿಡಿದು ತಂದು ಸಾಕುವುದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ. ಊರಿಗೆ ಹೋದವರು ಮಕ್ಕಳ ಆಸೆಗೆಂದು ತರಬೇಡಿ.

ಸಾಕುಮೊಲದ ಈ ಮೊದಲ ತುಪ್ಪಳು ನಮ್ಮ ಮಕ್ಕಳ ಹಾಲುಹಲ್ಲಿನ ಹಾಗೆ. ಅದು ಇರುವುದೇ ಉದುರುವುದಕ್ಕೆ. ಎರಡು ತಿಂಗಳ ಸುಮಾರಿಗೆ ಉದುರತೊಡಗಿ, ನಾಲ್ಕೈದು ತಿಂಗಳ ಹೊತ್ತಿಗೆ ಹೊಸ ಕೂದಲು ಬರುತ್ತದೆ. ಆರು ತಿಂಗಳು ದಾಟಿದ ಮೇಲೆ ಬರುವುದೇ ಪ್ರಾಯದ ಮೈಬಣ್ಣ. ಸಾಮಾನ್ಯವಾಗಿ ತಲೆ, ಕತ್ತಿನಿಂದ ಆರಂಭಿಸಿ ಬೆನ್ನಿಗೆ, ಕೊನೆಗೆ ಸೊಂಟಕ್ಕೆ, ಹೊಟ್ಟೆಗೆ ಇಳಿಯುತ್ತದೆ. ನಡುವೆ ಹಳೆಯದು ಒಂದು ಬಣ್ಣ, ಹೊಸದು ಒಂದು ಬಣ್ಣವಾಗಿ, ತೇಪೆ ಹಾಕಿದ ಅಂಗಿಯಂತೆ ಕಾಣುತ್ತದೆ. ಹೆದರುವ ಕಾರಣವಿಲ್ಲ.

ಕರಿ ಮರಿ ಕೆಂಚಗಾಗುವುದೇಕೆ? ಕರಿ ಛತ್ರಿಯನ್ನು ಬಿಸಿಲಿನಲ್ಲಿ ಹಿಡಿದು ಹಿಡಿದು ಅದು ಕೆಂಪಗಾಗುವುದನ್ನು ನೀವು ಕಂಡಿದ್ದೀರಿ. ಹಾಗೆಯೇ ಇದು. ಹಳೆಯ ಕೂದಲು ಉದುರಿದೊಡನೆ ಅಡಿಯಿಂದ ಕಪ್ಪು ಮತ್ತೆ ಮೂಡುತ್ತದೆ. ಕೆಲವು ತಳಿಗಳಲ್ಲಿ ಕಪ್ಪಾಗಿ ಹುಟ್ಟಿದ ಮರಿಗೆ ಒಂದೆರಡು ತಿಂಗಳೊಳಗೆ ಬೆಳ್ಳಿಯಂತಹ ಬಿಳಿಗೂದಲು ನಡುನಡುವೆ ಹುಟ್ಟಿ ಬರುವುದೂ ಉಂಟು. ಮಣ್ಣಿನ ಬಣ್ಣದ ಮೊಲದ ಮೈಮೇಲೆ ಮೆಲ್ಲನೆ ಊದಿ ನೋಡಿ. ಒಂದೊಂದು ಕೂದಲಿನಲ್ಲಿಯೂ ಬುಡಕ್ಕೊಂದು, ನಡುವಿಗೊಂದು, ತುದಿಗೊಂದು ಬಣ್ಣ ಕಾಣುತ್ತದೆ. ತುದಿ ಸವೆದಾಗ ಒಳಗಿನ ಬಣ್ಣ ಹೊರಗೆ ಕಾಣುವುದು ಸಹಜ.

ಇನ್ನು ನಾನು ಕೊಂದ ಆ ಬಿಳಿ ಮರಿಯ ಮಾತು. ಅದು ಹಿಮಾಲಯನ್ ಎಂದು ಕರೆಯುವ ಬಣ್ಣದ ಮೊಲ. ಅದರ ದೇಹದಲ್ಲಿ ಕಪ್ಪು ಬಣ್ಣವನ್ನು ತಯಾರಿಸುವ ವಸ್ತುವೊಂದಿದೆ. ಚರ್ಮ ತಂಪಾಗಿರುವಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ಮೈಯ ನಡುಭಾಗ ಬೆಚ್ಚಗಿರುವುದರಿಂದ ಅಲ್ಲಿ ಕೂದಲು ಬಿಳಿ. ಮೂಗು, ಕಿವಿ, ಪಾದ, ಬಾಲ ತಂಪಾಗಿರುವುದರಿಂದ ಅಲ್ಲಿ ಕಪ್ಪು. ಸುಮಾರು ನೂರು ವರ್ಷಗಳ ಹಿಂದೆ ಯುರೋಪಿನ ವಿಜ್ಞಾನಿಗಳು ಇಂತಹ ಮೊಲದ ಬೆನ್ನಿನ ಕೂದಲು ಬೋಳಿಸಿ, ಆ ಜಾಗವನ್ನು ತಣ್ಣಗಿಟ್ಟು ನೋಡಿದರು. ಬಿಳಿ ಬೆನ್ನಿನಲ್ಲಿ ಕರಿಗೂದಲು ಬೆಳೆಯಿತು. ನಮ್ಮ ಮುಂಬಯಿಯ ಸೆಕೆಯಲ್ಲಿ ಈ ಕಪ್ಪು ಸ್ವಲ್ಪ ಮಾಸುತ್ತದೆ, ಚಳಿಗಾಲದಲ್ಲಿ ಹೊಸ ಕೂದಲು ಬರುವಾಗ ಗಾಢವಾಗುತ್ತದೆ. ಚಳಿ ಬಂತು, ಮರಿ ಬೆಳೆಯಿತು, ಬಣ್ಣ ಬಂತು. ನಾನು ಅದನ್ನು ತಣ್ಣೀರಿನಲ್ಲಿ ತಿಕ್ಕಿದೆ!

ಆದುದರಿಂದ ಮೊದಲನೆಯ ಮಾತು: ಮೊಲಕ್ಕೆ ಸ್ನಾನ ಬೇಡ. ಬೆಕ್ಕಿನಂತೆ ಅದು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಯಾಗಿಡುತ್ತದೆ. ಒದ್ದೆಯಾದರೆ ಒಳ ತುಪ್ಪಳು ಬೇಗ ಒಣಗುವುದಿಲ್ಲ; ಚಳಿಗೂ ಗಾಬರಿಗೂ ಪ್ರಾಣ ಹೋಗಬಹುದು. ಹಿಂಭಾಗ ಮಲಿನವಾದರೆ ಅಷ್ಟನ್ನು ಮಾತ್ರ ಉಗುರುಬೆಚ್ಚಗಿನ ನೀರಿನ ಬಟ್ಟೆಯಲ್ಲಿ ಒರಸಿ, ಒಣ ಬಟ್ಟೆಯಿಂದ ಪೂರ್ತಿ ಒಣಗಿಸಿ.

ಎರಡನೆಯ ಮಾತು: ಉದುರುವ ಕೂದಲನ್ನು ನಾವು ತೆಗೆಯಬೇಕು. ನಮ್ಮ ಪಕ್ಕದ ಖೋಲಿಯ ಅಜ್ಜ ಗಿರಣಿಯ ನೂಲುವ ಖಾತೆಯಲ್ಲಿ ದುಡಿದವರು. ಹತ್ತಿಯ ಧೂಳು ಯಂತ್ರದಲ್ಲಿ ಸೇರಿ ಸೇರಿ ಹೇಗೆ ಉಂಡೆ ಕಟ್ಟಿ ಯಂತ್ರವನ್ನೇ ನಿಲ್ಲಿಸುತ್ತಿತ್ತೆಂದು ಅವರು ಆಗಾಗ ಹೇಳುತ್ತಾರೆ. ಮೊಲದ ಹೊಟ್ಟೆಯೂ ಹಾಗೆಯೇ. ನೆಕ್ಕಿದಾಗ ಕೂದಲು ಹೊಟ್ಟೆಗೆ ಹೋಗುತ್ತದೆ. ಬೆಕ್ಕು ಕಾರಿಬಿಡುತ್ತದೆ, ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ಒಳಹೋದುದೆಲ್ಲ ಕರುಳಿನ ದಾರಿಯಿಂದಲೇ ಹೊರಬರಬೇಕು. ಹಿಕ್ಕೆಗಳು ಕೂದಲಿನಲ್ಲಿ ಮಣಿಸರದಂತೆ ಪೋಣಿಸಿಕೊಂಡು ಬಂದರೆ ಅದು ಎಚ್ಚರಿಕೆಯ ಗಂಟೆ. ಹಿಕ್ಕೆ ನಿಂತಿತು, ಅರ್ಧ ದಿನದಿಂದ ಮೇವು ಮುಟ್ಟಿಲ್ಲ ಎಂದಾದರೆ ನಾಳೆಗೆಂದು ಕಾಯಬೇಡಿ, ಆಗಲೇ ಡಾಕ್ಟರ ಬಳಿ ಒಯ್ಯಿರಿ.

ಬಾಚುವ ಕ್ರಮ ಇಷ್ಟೆ. ನೆಲದ ಮೇಲೆ ಗೋಣಿಯೋ ಚಾಪೆಯೋ ಹಾಸಿ ಮರಿಯನ್ನು ಅಲ್ಲಿಯೇ ಕೂರಿಸಿ. ಕಿವಿ ಹಿಡಿದು ಎತ್ತಬಾರದು. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲುಗಳ ಕೆಳಗೆ ಇರಲಿ. ಗಾಳಿಯಲ್ಲಿ ಒದ್ದರೆ ಅದರ ಬೆನ್ನುಮೂಳೆ ಮುರಿಯಬಹುದು. ಮೊದಲು ಒದ್ದೆ ಮಾಡಿ ಹಿಂಡಿದ ಅಂಗೈಯಿಂದ ಕೂದಲು ಮಲಗಿದ ದಿಕ್ಕಿನಲ್ಲಿಯೇ ಸವರಿ. ಸಡಿಲವಾದುದು ಕೈಗೇ ಬರುತ್ತದೆ. ಆಮೇಲೆ ಮೆತ್ತನೆಯ ಬ್ರಷ್. ವಾರಕ್ಕೊಮ್ಮೆ ಸಾಕು; ಉದುರುವ ಕಾಲದಲ್ಲಿ ದಿನಾಲೂ ಐದು ನಿಮಿಷ. ಎಳೆಯದರಲ್ಲಿಯೇ ರೂಢಿ ಮಾಡಿದರೆ ದೊಡ್ಡದಾದ ಮೇಲೆ ತಾನೇ ಬಂದು ಕೂರುತ್ತದೆ. ಗಂಟು ಕಟ್ಟಿದ ಕೂದಲನ್ನು ಜಗ್ಗಬೇಡಿ, ಕತ್ತರಿ ಹಾಕಬೇಡಿ. ಅದರ ಚರ್ಮ ಕಾಗದದಷ್ಟು ತೆಳು, ಕೂದಲಿನ ಜೊತೆಯಲ್ಲಿಯೇ ಎದ್ದು ಬಂದು ಕತ್ತರಿಗೆ ಸಿಗುತ್ತದೆ.

ದೊಡ್ಡ ಮೊಲ ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಹೆಚ್ಚಾಗಿ ಕೂದಲು ಉದುರಿಸುತ್ತದೆ. ಹಗಲಿನ ಬೆಳಕು ಹೆಚ್ಚುಕಡಿಮೆಯಾಗುವುದರಿಂದ ಅದಕ್ಕೆ ಋತು ತಿಳಿಯುತ್ತದೆ. ಹೋಟೇಲಿನವರ ಮನೆಯಲ್ಲಿ ನಡುರಾತ್ರಿಯವರೆಗೆ ದೀಪ ಉರಿಯುವುದರಿಂದ ಬಡಪ್ರಾಣಿಗೆ ಋತುವಿನ ಲೆಕ್ಕ ತಪ್ಪಿ, ಯಾವಾಗೆಂದರೆ ಆವಾಗ ಉದುರಬಹುದು. ರಾತ್ರಿ ಅದರ ಗೂಡನ್ನು ಕತ್ತಲೆಯ ಮೂಲೆಯಲ್ಲಿಡಿ.

ಹಾಗಾದರೆ ರೋಗವನ್ನು ಗುರುತಿಸುವುದು ಹೇಗೆ? ಸಹಜವಾಗಿ ಉದುರಿದಲ್ಲಿ ಕೆಳಗೆ ಹೊಸ ಕೂದಲು ಕಾಣುತ್ತದೆ, ಚರ್ಮ ಶುಭ್ರವಾಗಿರುತ್ತದೆ. ಚರ್ಮ ಬೋಳಾಗಿ ಕೆಂಪಾದರೆ, ಬೆನ್ನ ಮೇಲೆ ಹೊಟ್ಟಿನಂತಹ ಬಿಳಿಪುಡಿ ಕಂಡರೆ, ಕಿವಿಯೊಳಗೆ ಕಂದು ಹಕ್ಕಳೆ ಕಟ್ಟಿದರೆ ಅದು ನುಸಿಯ ಕಾಟ ಇರಬಹುದು. ದುಂಡಗೆ ಬೋಳಾದರೆ ಹುಳುಕಡ್ಡಿ ಇರಬಹುದು. ಅದು ಮಕ್ಕಳಿಗೂ ಅಂಟುತ್ತದೆ. ಮಳೆಗಾಲದಲ್ಲಿ ಹಿಂಭಾಗವನ್ನು ದಿನಕ್ಕೆರಡು ಸಲ ನೋಡಿ. ಒದ್ದೆ ಕೊಳೆಯ ಮೇಲೆ ನೊಣ ಮೊಟ್ಟೆಯಿಟ್ಟು ಒಂದೇ ದಿನದಲ್ಲಿ ಹುಳವಾಗಿ ಜೀವಂತ ಮಾಂಸವನ್ನು ತಿನ್ನುತ್ತವೆ. ನಾಯಿಗೆ ಹಚ್ಚುವ ಚಿಗಟದ ಔಷಧಿಯನ್ನು ಮೊಲಕ್ಕೆ ಹಚ್ಚಬೇಡಿ, ಕೆಲವು ಅದಕ್ಕೆ ವಿಷ. ನಮಗೆ ಪರೇಲು ದೂರವಲ್ಲ. ಅಲ್ಲಿ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯಿದೆ, 1886ರಲ್ಲಿ ಸ್ಥಾಪನೆಯಾದ ಪಶುವೈದ್ಯ ಕಾಲೇಜೂ ಇದೆ.

ಒಳ್ಳೆಯ ತುಪ್ಪಳಿಗೂ ಸರಾಗವಾದ ಹೊಟ್ಟೆಗೂ ಮೂಲ ಹುಲ್ಲು. ಮೇವಿನ ಬಹುಪಾಲು ಹುಲ್ಲೇ ಇರಬೇಕು. ದೇವಸ್ಥಾನದ ಹೊರಗೆ ಹಸುವಿಗೆಂದು ಮಾರುವ ಹುಲ್ಲನ್ನು ತೊಳೆದು ಆರಿಸಿ ಹಾಕಬಹುದು. ಬೂಷ್ಟು ಹಿಡಿದುದು ಬೇಡ. ನಮ್ಮ ಹೋಟೇಲಿನ ಅಡುಗೆಮನೆಯಲ್ಲಿ ಎಸೆಯುವ ಕೊತ್ತಂಬರಿ ದಂಟು, ಪುದೀನದ ಕಡ್ಡಿ, ಮೂಲಂಗಿಯ ಎಲೆ ಇವನ್ನು ಚೆನ್ನಾಗಿ ತೊಳೆದು ಒಂದೊಂದು ಹಿಡಿ ಕೊಡಿ. ಪ್ರೀತಿಯಿಂದ ಪಾವ್, ಬಿಸ್ಕೀಟು, ತಂಗಳು ಇಡ್ಲಿ ಹಾಕಬೇಡಿ. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ ಕೂಡದು. ಕುಡಿಯುವ ನೀರು ಸದಾ ಇರಲಿ, ಸೆಕೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಗೂಡು ಇಡಬೇಡಿ.

ಬಂಧುಗಳೆ, ಬಣ್ಣ ಬದಲಾಯಿಸಿದ ಎಂದರೆ ನಮ್ಮಲ್ಲಿ ಬೈಗುಳ. ಮೊಲದ ಮರಿ ಬಣ್ಣ ಬದಲಾಯಿಸಿತೆಂದರೆ ಅದು ಬೆಳೆಯುತ್ತಿದೆ ಎಂದಷ್ಟೇ ಅರ್ಥ. ಉಳಿದ ಕರಿ ಮರಿಗೆ ಈಗ ವರ್ಷ ತುಂಬಿದೆ. ನಡುವೆ ಕೆಂಚಾಯಿತು, ತೇಪೆಯಾಯಿತು, ಈಗ ಮತ್ತೆ ಕಪ್ಪಾಗಿ ಹೊಳೆಯುತ್ತಿದೆ. ಅದನ್ನು ಬಾಚುವ ಕೆಲಸ ಮಗಳದು. ಅಪ್ಪ ಹತ್ತಿರ ಬಂದರೆ ಅವಳು ಮೊದಲು ನನ್ನ ಕೈ ನೋಡುತ್ತಾಳೆ, ಸಾಬೂನು ಉಂಟೋ ಎಂದು. ಆ ನೋಟವನ್ನು ನಾನು ಸಹಿಸಬೇಕಾದುದೇ. ನಿಮ್ಮ ಮನೆಯ ಮಕ್ಕಳು ನಿಮ್ಮನ್ನು ಹಾಗೆ ನೋಡುವಂತಾಗದಿರಲಿ ಎಂದು ಇಷ್ಟು ಹೇಳಿದೆ.